ತಡೆದು ನಿಲ್ಲಿಸಿದ ಉತ್ತರ

ಬೈಂದೂರಿನ ಸಹಕಾರಿ ಸಂಘವೊಂದರಲ್ಲಿ ಹತ್ತು ಸಾವಿರ ರೂಪಾಯಿ ಜಮೆಯಾಗಿ, ಗ್ರಾಹಕರ ಮೊಬೈಲಿಗೆ ಸಂದೇಶವೂ ಹೋಯಿತೆನ್ನಿ. ಮರುಕ್ಷಣವೇ ಸಿಡಿಲಿಗೆ ಸರ್ವರ್ ಸುಟ್ಟರೆ, ಕುಂದಾಪುರದಲ್ಲಿಟ್ಟ ಬದಲಿ ಯಂತ್ರಕ್ಕೆ ಆ ಜಮೆ ಗೊತ್ತಿರಲೇಬೇಕು. ಎರಡೂ ಯಂತ್ರಗಳು ಕ್ಷಣಕ್ಷಣಕ್ಕೂ ಒಂದೇ ಸ್ಥಿತಿಯಲ್ಲಿರಬೇಕೆಂದು ಹಟ ಹಿಡಿದರೆ ಕೆಲಸ ಕುಂಟುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ‘ರೆಮಸ್’ ಎಂಬ ತಂತ್ರ ಈ ಹಟವನ್ನೇ ಬಿಟ್ಟಿತು. ಅದು ವರ್ಚುವಲ್ ಮೆಷಿನ್ನನ್ನು, ಅಂದರೆ ಸರ್ವರಿನೊಳಗೆ ಸಾಫ್ಟ್‌ವೇರಾಗಿ ಓಡುವ ಕಂಪ್ಯೂಟರನ್ನು, ಸೆಕೆಂಡಿಗೆ 40 ಸಲದವರೆಗೂ ಅರೆಗಳಿಗೆ ನಿಲ್ಲಿಸಿ, ಬದಲಾದ ಮೆಮೊರಿ ಪುಟಗಳನ್ನಷ್ಟೇ ನಕಲು ಮಾಡಿ, ಮತ್ತೆ ಓಡಲು ಬಿಡುತ್ತದೆ. ನಕಲು ತಲುಪಿತೆಂದು ಬದಲಿ ಯಂತ್ರ ಒಪ್ಪುವವರೆಗೆ ಹೊರಹೋಗುವ ಪ್ಯಾಕೆಟ್ಟುಗಳನ್ನು ಮಾತ್ರ ತಡೆಹಿಡಿಯುತ್ತದೆ. ಹೊರಗಿನವರು ಕಂಡದ್ದಷ್ಟೇ ಸತ್ಯವಾಗಿ ಉಳಿದರೆ ಸಾಕು ಎಂಬ ಈ ತಿಳಿವೇ ಅದರ ಚೆಲುವು.

ಉತ್ತರ ತಡವಾಗುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದಕ್ಕೆ ದೂರ ಕಾರಣವಲ್ಲ. ಈ ಎರಡು ಊರುಗಳ ನಡುವಿನ ಸುಮಾರು 30 ಕಿ.ಮೀ. ಫೈಬರಿನಲ್ಲಿ ಬೆಳಕು ಹೋಗಿಬರಲು ಒಂದು ಮಿಲಿಸೆಕೆಂಡೂ ಬೇಡ. ತಡವೆಲ್ಲ ನಕಲಿನ ಸರದಿ ಕಾಯುವುದರಲ್ಲಿ, ಪುಟಗಳ ರಾಶಿ ಸಾಗಿಸುವುದರಲ್ಲಿ. ಎಲ್ಲರಿಗೂ ಇದು ಬೇಕೆಂದೇನಲ್ಲ, ಬ್ರಹ್ಮಾವರದ ಅಂಗಡಿಯೊಂದರ ಬಿಲ್ಲಿಂಗಿಗೆ ರಾತ್ರಿಯ ಬ್ಯಾಕಪ್ಪೇ ಸಾಕಾದೀತು. ಸಾಫ್ಟ್‌ವೇರಿನೊಳಗಿನ ದೋಷವೂ ನಿಷ್ಠೆಯಿಂದ ನಕಲಾಗುತ್ತದೆ ಎಂಬುದೂ ನಿಜ, ಹಾಗಾಗಿ ರೆಮಸ್ ಇದ್ದರೂ ಬ್ಯಾಕಪ್ ಬೇಕೇ ಬೇಕು. ಆದರೆ ಜನರ ಹಣದ ಲೆಕ್ಕ ಇಡುವಲ್ಲಿ, ಬೇಗ ಬಂದು ಆಮೇಲೆ ಸುಳ್ಳಾಗುವ ರಸೀದಿಗಿಂತ ಕಣ್ಣೆವೆ ಇಕ್ಕುವಷ್ಟು ತಡವಾದರೂ ಉಳಿಯುವ ರಸೀದಿಯೇ ಮೇಲು.