ಮುಚ್ಚಿಡದ ಬೆಸುಗೆ

ಮಣ್ಣೂ ಗಾಜೂ ಬೆಂಕಿಯಲ್ಲಿ ಹುಟ್ಟಿದವೇ. ಆದರೂ ಒಂದೇ ಬೆಂಕಿಯಲ್ಲಿ ಅವುಗಳನ್ನು ಕೂಡಿಸಲಾಗದು. ಪಿಂಗಾಣಿಯು ಬೇಯಲು ಸುಮಾರು 1300 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಅಷ್ಟರೊಳಗೆ ಸಾಮಾನ್ಯ ಗಾಜು ಕರಗಿ ಹರಿದುಹೋಗಿರುತ್ತದೆ. ಆರುವಾಗಲೂ ಇವೆರಡೂ ಒಂದೇ ಪ್ರಮಾಣದಲ್ಲಿ ಕುಗ್ಗಲಾರವು. ಹಾಲೆಂಡಿನ ವಿನ್ಯಾಸಕಾರ್ತಿ ಹೆಲ್ಲಾ ಯೋಂಗೇರಿಯಸ್ 2000ನೆಯ ಇಸವಿಯಲ್ಲಿ ರಚಿಸಿದ 'ಲಾಂಗ್ ನೆಕ್ ಅಂಡ್ ಗ್ರೂವ್ ಬಾಟಲ್ಸ್' ಎಂಬ ಸೀಸೆಗಳಲ್ಲಿ ಈ ಒಲ್ಲದ ಜೋಡಿಯೇ ವಸ್ತುವಾಗಿದೆ.

ಪ್ರತಿಯೊಂದು ಸೀಸೆಯಲ್ಲೂ ಒಂದು ಭಾಗ ಪಿಂಗಾಣಿ, ಇನ್ನೊಂದು ಗಾಜು. ನಡುವೆ ಅವನ್ನು ಹಿಡಿದಿರುವುದು ಪ್ಲಾಸ್ಟಿಕ್ಕಿನ ಅಂಟುಪಟ್ಟಿ. ಪೆಟ್ಟಿಗೆ ಕಟ್ಟುವವರು ಸುತ್ತುವಂಥದು. 'ಒಡೆಯುವ ವಸ್ತು' ಎಂಬರ್ಥದ ಇಂಗ್ಲಿಷ್ ಅಕ್ಷರಗಳೂ ಅದರ ಮೇಲೆ ಅಚ್ಚಾಗಿವೆ. ಇಷ್ಟು ನಾಜೂಕಾದ ಕೊರಳಿಗೆ ಇಂಥ ಪಟ್ಟಿಯೇ ಎಂದು ಮೊದಲ ನೋಟಕ್ಕೆ ಮನಸ್ಸು ಹಿಂಜರಿಯುವುದು ಸಹಜ. ಆದರೆ ಬೆಸುಗೆಯನ್ನು ಒಳಗಡಗಿಸಿ ಮೇಲೆ ಬಣ್ಣ ಬಳಿದಿದ್ದರೆ, ಎರಡು ದ್ರವ್ಯಗಳೂ ಒಲಿದು ಕೂಡಿದವೆಂಬ ಸುಳ್ಳೊಂದು ನಮ್ಮ ಮುಂದೆ ನಿಲ್ಲುತ್ತಿತ್ತು. ಪಟ್ಟಿ ಆ ಸುಳ್ಳನ್ನು ಹೇಳಗೊಡದು.

ಈ ಕಲಾವಿದೆಯ ಹಿಂದಿನ ಕೃತಿಯಾದ 'ಸಾಫ್ಟ್ ಅರ್ನ್' 1990ರ ದಶಕದ ಮೊದಲ ಭಾಗದ್ದು. ಆಕಾರದಲ್ಲಿ ಹಳೆಯ ಮಣ್ಣಿನ ಕುಂಭ. ದ್ರವ್ಯ ಮಾತ್ರ ಪಾಲಿಯುರಿಥೇನ್ ರಬ್ಬರು. ಎರಕದ ಅಚ್ಚಿನ ಗೆರೆಯನ್ನು ಆಕೆ ಅಲ್ಲಿಯೂ ಒರಸಿಹಾಕಲಿಲ್ಲ. ಆದರೂ ಅದು ಚಮತ್ಕಾರದ ಮಟ್ಟದಲ್ಲಿಯೇ ನಿಂತಿತೆಂದು ನನ್ನ ಅಭಿಪ್ರಾಯ: ಮುಟ್ಟಿದರೆ ಬಾಗುವ ಕುಂಭ, ಬಿದ್ದರೂ ಒಡೆಯದ ಕುಂಭ, ಒಮ್ಮೆ ಬೆರಗಾದ ಮೇಲೆ ಎರಡನೆಯ ಸಲ ನೋಡಲು ಕಾರಣವಿಲ್ಲ. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆಯ ಭಯ ಅಲ್ಲಿಲ್ಲ. ಸೀಸೆಗಳಲ್ಲಿ ಆ ಭಯ ಇದ್ದೇ ಇದೆ. ಅದನ್ನು ಅಕ್ಷರಗಳಲ್ಲಿಯೇ ಬರೆದಿದೆ.

ಒಂದು ಆಕ್ಷೇಪವನ್ನು ಮಾತ್ರ ನುಂಗಿಕೊಳ್ಳಲಾರೆ. ಬೆಂದ ಮಣ್ಣು ಸಾವಿರಾರು ವರ್ಷ ನೆಲದಡಿ ಹೂತಿದ್ದು, ಅಗೆದವರ ಕೈಗೆ ಅದೇ ಮಣ್ಣಾಗಿ ಸಿಗುತ್ತದೆ. ಅಂಟಿನ ಆಯುಸ್ಸು ಅಂಥದಲ್ಲ. ಅದು ಹಳದಿಗಟ್ಟುತ್ತದೆ, ಒಣಗುತ್ತದೆ, ಹಿಡಿತ ಬಿಡುತ್ತದೆ. ಆಗ ವಸ್ತುಸಂಗ್ರಹಾಲಯದವರು ಹೊಸ ಪಟ್ಟಿ ಸುತ್ತಿದರೆ ಅದು ಯೋಂಗೇರಿಯಸ್ಸರ ಕೃತಿಯೇ ಆಗಿ ಉಳಿಯುವುದೆ? ಉಳಿಯುವುದೆಂದು ನಾನು ಹೇಳುವೆನು. ಕುಡಗೋಲಿಗೆ ಹೊಸ ಹಿಡಿ ಹಾಕಿದ ರೈತನು ಕುಡಗೋಲು ಬದಲಾಯಿತೆನ್ನುವುದಿಲ್ಲ. ಆದರೆ ಪಟ್ಟಿಯನ್ನು ಕಿತ್ತೊಗೆದು ಕಾಣದ ಅಂಟಿನಿಂದ ಗಟ್ಟಿಯಾಗಿ ಕೂಡಿಸಿದರೆ, ಸೀಸೆ ಉಳಿದೀತು, ಕೃತಿ ಉಳಿಯದು.