ರಟ್ಟಮತದ ಮಳೆ ಮತ್ತು ಇಂದಿನ ಮಳೆ: ಒಂದು ಪರಿಶೀಲನೆ

ಹಳಗನ್ನಡ ಕಾವ್ಯಗಳ ಋತುವರ್ಣನೆಯಲ್ಲಿ ಪರಿಸರಪ್ರಜ್ಞೆಯನ್ನು ಗುರುತಿಸುವುದು ನಮ್ಮ ವಿಮರ್ಶೆಯ ರೂಢಿ. ಅಷ್ಟಾದಶವರ್ಣನೆಗಳಲ್ಲಿ ಮಳೆಗಾಲವೂ ಕವಿಸಮಯವೆಂಬುದನ್ನು ಮರೆತ ಈ ರೂಢಿಯಿಂದ ಹೆಚ್ಚಿನ ಹಾನಿಯೇನೂ ಆಗಿಲ್ಲ. ಆದರೆ ಶಾಸ್ತ್ರಗ್ರಂಥಗಳನ್ನು ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಕೈಪಿಡಿಗಳೆಂದು ಮುಂದಿಡುವ ಉತ್ಸಾಹವನ್ನು ಹಾಗೆ ಬಿಡುವಂತಿಲ್ಲ. ಅದರ ಫಲವನ್ನು ಉಣ್ಣಬೇಕಾದವನು ರೈತ.

ಕ್ರಿ.ಶ. ಸುಮಾರು 1300ರ ಜೈನಕವಿ ರಟ್ಟಕವಿಯ 'ರಟ್ಟಮತ'ವನ್ನೇ ನೋಡಬಹುದು. ಮಳೆ, ಸಿಡಿಲು, ಭೂಕಂಪ, ಗ್ರಹ, ಶಕುನ ಇವು ಅದರ ವಸ್ತು. ಮಳೆಯನ್ನು ಇಷ್ಟು ಗಮನವಿಟ್ಟು ವಿಚಾರಿಸಿದ ಕನ್ನಡ ಗ್ರಂಥಗಳು ವಿರಳ. ಆದರೂ ಅದು ನಿಮಿತ್ತಶಾಸ್ತ್ರ. ಒಂದು ಚಿಹ್ನೆಗೆ ಹಿಂದೆ ದೊರೆತ ಫಲವೇ ಮುಂದೆಯೂ ದೊರೆಯುವುದೆಂಬ ನಂಬಿಕೆಯ ಮೇಲೆ ನಿಮಿತ್ತ ನಿಂತಿದೆ. ಇಂದು ಕುಸಿದಿರುವುದು ಆ ನಂಬಿಕೆಯೇ.

ಇನ್ನೊಂದು ತೊಡಕನ್ನು ವಿದ್ವಾಂಸರು ಅಷ್ಟಾಗಿ ಗಮನಿಸಿದಂತಿಲ್ಲ. ಮಳೆನಕ್ಷತ್ರವೆಂದರೆ ಸೂರ್ಯನು ಒಂದು ನಕ್ಷತ್ರದಲ್ಲಿರುವ 13-14 ದಿನಗಳ ಅವಧಿ. ಈ ಎಣಿಕೆ ನಾಕ್ಷತ್ರಿಕ ವರ್ಷದ್ದು. ಋತುಗಳಾದರೋ ಸಾಯನ ವರ್ಷವನ್ನು ಅನುಸರಿಸುತ್ತವೆ. ಎರಡರ ಅಂತರ ವರ್ಷಕ್ಕೆ ಸುಮಾರು 20 ನಿಮಿಷ. 700 ವರ್ಷಗಳಲ್ಲಿ ಹೆಚ್ಚುಕಡಮೆ 10 ದಿನ. ಈಗ ಜೂನ್ 21-22ರ ವೇಳೆಗೆ ಮೊದಲಾಗುವ ಆರಿದ್ರಾ ರಟ್ಟಕವಿಯ ಕಾಲದಲ್ಲಿ ಋತುಚಕ್ರದಲ್ಲಿ ಅಷ್ಟು ಮೊದಲೇ ಬರುತ್ತಿತ್ತು. ಹೆಸರು ಅದೇ, ಕಾಲ ಬೇರೆ. ಭೂಮಿ ಬಿಸಿಯಾಗದೆ ಇದ್ದಿದ್ದರೂ ಈ ಜಾರುವಿಕೆ ತಪ್ಪುತ್ತಿರಲಿಲ್ಲ.

ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಸಂಪಾದಿಸಿದ 2020ರ ವರದಿಯ ಪಕ್ಕದಲ್ಲಿಟ್ಟಾಗ ರಟ್ಟಮತದ ಮಿತಿ ಇನ್ನೂ ಸ್ಪಷ್ಟವಾಗುತ್ತದೆ. 1901ರಿಂದ 2018ರ ಅವಧಿಯಲ್ಲಿ ದೇಶದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. 1951-2015ರಲ್ಲಿ ಮುಂಗಾರು ಮಳೆ ಸುಮಾರು ಶೇ. 6ರಷ್ಟು ಇಳಿದಿದ್ದು, ಈ ಇಳಿಕೆ ಗಂಗಾಬಯಲಿನಲ್ಲಿಯೂ ಪಶ್ಚಿಮಘಟ್ಟದಲ್ಲಿಯೂ ಎದ್ದು ಕಾಣುತ್ತದೆ. ಮಧ್ಯಭಾರತದಲ್ಲಿ ಒಂದೇ ದಿನ 150 ಮಿ.ಮೀ. ಮೀರುವ ಮಳೆಗಳು 1950-2015ರಲ್ಲಿ ಸುಮಾರು ಶೇ. 75ರಷ್ಟು ಹೆಚ್ಚಿವೆ. ಒಟ್ಟು ಮಳೆ ಕಡಮೆ, ಬಂದಾಗ ವಿಪರೀತ. ಅದೇ ವರ್ಷ ಹವಾಮಾನ ಇಲಾಖೆಯು ವಾಯವ್ಯ ಭಾರತದಿಂದ ಮುಂಗಾರು ಹಿಂಜರಿಯಲಾರಂಭಿಸುವ ದಿನವನ್ನು ಸೆಪ್ಟೆಂಬರ್ 1ರಿಂದ 17ಕ್ಕೆ ಬದಲಿಸಿತು. ತನ್ನ ಪಂಚಾಂಗವನ್ನು ತಾನೇ ತಿದ್ದಿಕೊಳ್ಳುವ ಈ ವ್ಯವಸ್ಥೆ ನಿಮಿತ್ತಶಾಸ್ತ್ರಕ್ಕೆ ಇಲ್ಲ.

ಹಾಗಾದರೆ ಮಧ್ಯಕಾಲೀನ ಕನ್ನಡವು ಈ ಚರ್ಚೆಗೆ ಕೊಡಬಲ್ಲದ್ದೇನೂ ಇಲ್ಲವೇ? ಇದೆ, ನಮ್ಮ ದೃಷ್ಟಿಯಲ್ಲಿ ಅದು ಇರುವುದು ಶಾಸನಗಳಲ್ಲಿ. ಕೆರೆಯ ದುರಸ್ತಿಗೆಂದು ಬಿಟ್ಟ ಬಿತ್ತುವಟ್ಟ, ಹೂಳೆತ್ತುವ ಬಂಡಿಗಳಿಗೆ ಮಾಡಿದ ಏರ್ಪಾಡು, ಯಾರು ಎಷ್ಟು ಕೊಡತಕ್ಕದ್ದೆಂಬ ಕಟ್ಟಳೆ: ಇವುಗಳಲ್ಲಿ ಭವಿಷ್ಯವಾಣಿಯಿಲ್ಲ. ಕೆರೆಗೆ ತೂಬಿನೊಡನೆ ಕೋಡಿಯನ್ನೂ ಇಟ್ಟವರು ಮಳೆ ಕೈಕೊಡುವುದನ್ನೂ ಮಿತಿಮೀರುವುದನ್ನೂ ಒಟ್ಟಿಗೇ ಎಣಿಸಿದ್ದರು. ಸಾಹಿತ್ಯದ ವಿದ್ಯಾರ್ಥಿಗಳು ಈ ಶಾಸನಗಳನ್ನು ರಾಜವಂಶಗಳ ಕಾಲನಿರ್ಣಯಕ್ಕೆ ಮಾತ್ರ ಬಳಸಿಕೊಂಡು ಪಕ್ಕಕ್ಕಿಡುವುದು ವಿಷಾದಕರ.

ಪುಣೆಯಿಂದ ಆಗ್ನೇಯಕ್ಕೆ, ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗಗಳ ಕನ್ನಡ ರೈತರು ಹಿಂಗಾರಿ ಜೋಳದ ಬಿತ್ತನೆಯನ್ನು ಮಳೆನಕ್ಷತ್ರಗಳ ಹೆಸರಿನಲ್ಲೇ ಮಾತನಾಡಿಕೊಳ್ಳುತ್ತಾರೆ. ಆದರೆ ಕೂರಿಗೆ ಹೂಡುವ ಮುನ್ನ ಮಣ್ಣಿನ ಹಸಿಯನ್ನು ನೋಡುತ್ತಾರೆ. ರಟ್ಟಮತವನ್ನು ಅನುವಾದಿಸಿ ಕೃಷಿ ಯೋಜನೆಗಳಿಗೆ ಒದಗಿಸಲು ಹೊರಡುವವರು, ಪ್ರತಿ ನಕ್ಷತ್ರದ ಅಂದಿನ ಮತ್ತು ಇಂದಿನ ದಿನಾಂಕಗಳ ಪಟ್ಟಿಯನ್ನಾದರೂ ಜೊತೆಗೆ ಅಚ್ಚುಹಾಕತಕ್ಕದ್ದು.