ಸ್ತಂಭವೂ ವೇಪಥುವೂ: ‘ಅವೇಕನಿಂಗ್ಸ್’ ಚಲಚ್ಚಿತ್ರದ ಅಭಿನಯವನ್ನು ಕುರಿತು

ಭರತಮುನಿಯು ಎಣಿಸಿರುವ ಎಂಟು ಸಾತ್ತ್ವಿಕ ಭಾವಗಳಲ್ಲಿ ಸ್ತಂಭ, ಸ್ವರಭೇದ, ವೇಪಥು ಎಂಬ ಮೂರೂ ಸೇರಿವೆ. ಮೈ ಮರಗಟ್ಟುವುದು, ದನಿ ಒಡೆಯುವುದು, ಅವಯವಗಳು ನಡುಗುವುದು ಇವೆಲ್ಲ ಒಳಗಣ ಭಾವಕ್ಕೆ ಹೊರಗಣ ಗುರುತುಗಳು. ಇವುಗಳನ್ನು ಕಂಡು ಸಹೃದಯನು ಪಾತ್ರದ ಭಯವನ್ನೋ ಹರ್ಷವನ್ನೋ ಶೋಕವನ್ನೋ ಅರಿಯುತ್ತಾನೆ. ಆದರೆ ಇದೇ ಚಿಹ್ನೆಗಳು ಭಾವದ ಸಂಬಂಧವೇ ಇಲ್ಲದೆ ಕೇವಲ ರೋಗದ ದೆಸೆಯಿಂದ ತೋರಿಕೊಂಡಾಗ ನಟನು ಮಾಡಬೇಕಾದುದೇನು? ರೋಗದ ನಡುಕ ಯಾವುದು, ಮನುಷ್ಯನ ನಡುಕ ಯಾವುದು ಎಂಬ ಭೇದವನ್ನು ಅವನು ಕಾಣಿಸುವ ಬಗೆ ಯಾವುದು? ಪೆನ್ನಿ ಮಾರ್ಷಲ್ ಅವರ ನಿರ್ದೇಶನದಲ್ಲಿ 1990ರಲ್ಲಿ ತೆರೆಕಂಡ ‘ಅವೇಕನಿಂಗ್ಸ್’ ಎಂಬ ಅಮೆರಿಕದ ಚಲಚ್ಚಿತ್ರವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತವೆಂದು ತೋರುತ್ತದೆ.

ಚಿತ್ರಕ್ಕೆ ಆಧಾರ ವೈದ್ಯರಾದ ಆಲಿವರ್ ಸ್ಯಾಕ್ಸ್ ಅವರು 1973ರಲ್ಲಿ ಪ್ರಕಟಿಸಿದ ಅದೇ ಹೆಸರಿನ ಗ್ರಂಥ. ಮೊದಲನೆಯ ಮಹಾಯುದ್ಧದ ಕಾಲದಿಂದ ಸುಮಾರು ಹತ್ತು ವರ್ಷ ಜಗತ್ತಿನ ಹಲವೆಡೆ ಹರಡಿದ ಎನ್‌ಸೆಫಲೈಟಿಸ್ ಲೆಥಾರ್ಜಿಕಾ ಎಂಬ ನಿದ್ರಾರೋಗದಿಂದ ಬದುಕಿ ಉಳಿದವರಲ್ಲಿ ಅನೇಕರು ಮುಂದೆ ಮಾತು, ಚಲನೆಗಳನ್ನು ಕಳೆದುಕೊಂಡು ದಶಕಗಳ ಕಾಲ ಪ್ರತಿಮೆಗಳಂತೆ ಕುಳಿತರು. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಆಸ್ಪತ್ರೆಯೊಂದರಲ್ಲಿದ್ದ ಇಂತಹ ರೋಗಿಗಳಿಗೆ ಸ್ಯಾಕ್ಸ್ ಅವರು 1969ರಲ್ಲಿ ಎಲ್-ಡೋಪಾ ಎಂಬ ಔಷಧವನ್ನು ಕೊಟ್ಟರು. ಚಲನೆಗೆ ಅವಶ್ಯವಾದ ಡೋಪಮೈನ್ ರಕ್ತದಿಂದ ಮೆದುಳನ್ನು ಪ್ರವೇಶಿಸಲಾರದು. ಎಲ್-ಡೋಪಾ ಪ್ರವೇಶಿಸಿ ಅಲ್ಲಿ ಡೋಪಮೈನ್ ಆಗಿ ಮಾರ್ಪಡುತ್ತದೆ. ರೋಗಿಗಳು ಎಚ್ಚೆತ್ತರು, ಆದರೆ ಅವರಲ್ಲಿ ಅನೇಕರಿಗೆ ಬಹುಬೇಗ ಸೆಳೆತ, ಉದ್ವೇಗ ಮೊದಲಾದ ಹೊಸ ಬಾಧೆಗಳು ತಲೆದೋರಿದವು.

ಚಿತ್ರದಲ್ಲಿ ಲಿಯೊನಾರ್ಡ್ ಎಂಬ ರೋಗಿಯ ಪಾತ್ರವನ್ನು ರಾಬರ್ಟ್ ಡಿ ನೀರೊ ವಹಿಸಿದ್ದಾರೆ. ಮೊದಲು ಸ್ತಂಭ, ನಡುವೆ ಎಚ್ಚರ, ಕೊನೆಗೆ ಸೆಳೆತ ಎಂಬ ಮೂರು ಅವಸ್ಥೆಗಳನ್ನು ಅವರ ದೇಹವು ಹಾದುಹೋಗಬೇಕು. ಇದು ಆಂಗಿಕಾಭಿನಯದ ಕಠಿಣ ಪರೀಕ್ಷೆಯೆಂಬುದು ನಿಜ. ಆದರೆ ರೋಗಲಕ್ಷಣಗಳ ಅನುಕರಣ ಎಷ್ಟೇ ನಿಖರವಾದರೂ ಅದಷ್ಟರಿಂದಲೇ ಅಭಿನಯವಾಗದು. ಸೆಳೆತವು ಮೈಯನ್ನೆಲ್ಲ ಹಿಂಡುತ್ತಿರುವಾಗ ಲಿಯೊನಾರ್ಡ್, ತನ್ನನ್ನು ಚಿತ್ರೀಕರಿಸಿ ಇದರಿಂದ ಕಲಿಯಬೇಕೆಂದು ವೈದ್ಯನನ್ನು ಒತ್ತಾಯಿಸುತ್ತಾನೆ. ಇಲ್ಲಿ ದೇಹ ರೋಗದ ವಶ, ದೃಷ್ಟಿ ಸಂಕಲ್ಪದ ವಶ. ಪರರ ನೋಟಕ್ಕೆ ವಸ್ತುವಾಗಿದ್ದವನು ತನ್ನ ರೋಗವನ್ನು ತಾನೇ ಬೋಧಿಸುವ ಗುರುವಾಗುತ್ತಾನೆ. ಪೌಲಾ ಎಂಬ ತರುಣಿ ಅವನ ಕೈಹಿಡಿದು ನರ್ತಿಸುವಾಗ ನಡುಕ ಮೆಲ್ಲನೆ ಅಡಗುತ್ತದೆ. ರೋಗ ಹಿಂಜರಿದ ಆ ಗಳಿಗೆಯಲ್ಲಿ ಮುಖದ ಮೇಲೆ ಉಳಿಯುವುದು ಶುದ್ಧ ಭಾವವೊಂದೇ. ನಾವು ಮೊದಲು ಕೇಳಿದ ಭೇದವು ಈ ಎರಡು ಸನ್ನಿವೇಶಗಳಲ್ಲಿ ಸ್ಪಷ್ಟವಾಗಿ ಕಾಣಿಸುತ್ತದೆ.

ಅಕಾಡೆಮಿಯು ಶ್ರೇಷ್ಠ ನಟರ ನಾಮನಿರ್ದೇಶನದಲ್ಲಿ ಡಿ ನೀರೊ ಅವರನ್ನು ಸೇರಿಸಿತು. ಡಾಕ್ಟರ್ ಸೇಯರ್ ಪಾತ್ರದ ರಾಬಿನ್ ವಿಲಿಯಮ್ಸ್ ಅವರನ್ನು ಸೇರಿಸಲಿಲ್ಲ. ಈ ತಾರತಮ್ಯವನ್ನು ಒಪ್ಪುವುದು ಕಷ್ಟ. ಹಾಸ್ಯಕ್ಕೂ ತಡೆಯಿಲ್ಲದ ಮಾತಿನ ಓಟಕ್ಕೂ ಹೆಸರಾದ ಈ ನಟರು ಇಲ್ಲಿ ಆ ಸಾಮಗ್ರಿಯನ್ನೆಲ್ಲ ಬದಿಗಿರಿಸಿ, ಜನರ ಮುಖವನ್ನು ನೋಡಲೂ ಸಂಕೋಚಪಡುವ ಏಕಾಂಗಿಯಾಗಿದ್ದಾರೆ. ರೋಗಿಯ ಸ್ತಂಭಕ್ಕೆ ಕಾರಣ ವ್ಯಾಧಿ. ವೈದ್ಯನ ಸ್ತಂಭಕ್ಕೆ ಕಾರಣ ಸ್ವಭಾವ. ರಾತ್ರಿ ಎಚ್ಚೆತ್ತ ವೈದ್ಯನು ಬರಿದಾದ ಹಾಸಿಗೆಯನ್ನು ಕಂಡು, ಹಜಾರದಲ್ಲಿ ಒಬ್ಬನೇ ಕುಳಿತಿರುವ ಲಿಯೊನಾರ್ಡನ ಬಳಿಗೆ ಬರುವ ದೃಶ್ಯದಲ್ಲಿ ವಿಲಿಯಮ್ಸ್ ಬಹುಮಟ್ಟಿಗೆ ನೋಡುತ್ತಾರೆ, ಅಷ್ಟೆ. ಆ ನೋಟದಲ್ಲಿ ಬೆರಗಿನೊಡನೆ ಗೌರವವೂ ಇರುವುದರಿಂದಲೇ ಪ್ರೇಕ್ಷಕನ ಕುತೂಹಲವೂ ಗೌರವವಾಗಿ ಪರಿಣಮಿಸುತ್ತದೆ. ಆ ಸಾಕ್ಷಿ ಇಲ್ಲದಿದ್ದರೆ ಡಿ ನೀರೊ ಅವರ ಸಾಧನೆ ರೋಗದ ಪ್ರದರ್ಶನವಾಗಿಬಿಡುವ ಅಪಾಯವಿತ್ತು.

ಚಿತ್ರವು ನಿರ್ದುಷ್ಟವೇನೂ ಅಲ್ಲ. ಮೂಲಗ್ರಂಥವು ಇಪ್ಪತ್ತು ರೋಗಿಗಳ ವೃತ್ತಾಂತವನ್ನು ಒಳಗೊಂಡಿದೆ; ಚಿತ್ರವು ಒಬ್ಬನನ್ನು ಮುಂದಿಟ್ಟು ಉಳಿದವರನ್ನು ಹಿನ್ನೆಲೆಗೆ ಸರಿಸುತ್ತದೆ. ಔಷಧದ ಅತಿರೇಕದಿಂದ ಗ್ರಂಥದ ಲಿಯೊನಾರ್ಡನಲ್ಲಿ ಕೆರಳಿದ ಕಾಮ, ಅಹಂಭಾವಗಳು ಇಲ್ಲಿ ಮೃದುವಾದ ಪ್ರೇಮವೂ ಸ್ವಾತಂತ್ರ್ಯದ ಹಂಬಲವೂ ಆಗಿವೆ. ಕೊನೆಯಲ್ಲಿ ಸೇಯರ್ ಮಾಡುವ ಭಾಷಣವಂತೂ ಧ್ವನಿಯಾಗಿದ್ದುದನ್ನು ವಾಚ್ಯವಾಗಿಸುತ್ತದೆ. ಎರಡು ಮುಖಗಳು ಆಗಲೇ ಹೇಳಿ ಮುಗಿಸಿದ್ದನ್ನು ಮಾತು ಮತ್ತೆ ಹೇಳುತ್ತದೆ.

ಆದರೂ ಆ ಭಾಷಣದ ತರುವಾಯ, ಹೊರಟುಹೋಗುತ್ತಿರುವ ದಾದಿ ಎಲಿನಾರಳನ್ನು ಸೇಯರ್ ಬೆನ್ನಟ್ಟಿ ತಡೆದು, ಕಾಫಿಗೆ ಕರೆಯುವ ಪುಟ್ಟ ದೃಶ್ಯವೊಂದಿದೆ. ಲಿಯೊನಾರ್ಡ್ ಮತ್ತೆ ಸ್ತಂಭಕ್ಕೆ ಮರಳಿದ್ದಾನೆ. ವೈದ್ಯನ ಸ್ತಂಭ ಮಾತ್ರ ಕೊಂಚ ಸಡಿಲಿದೆ. ರೋಗವನ್ನು ವಸ್ತುವಾಗುಳ್ಳ ಚಿತ್ರಗಳಲ್ಲಿ ರೋಗಿಯ ಪಾತ್ರಧಾರಿಯ ಶ್ರಮವನ್ನಷ್ಟೇ ಅಳೆಯುವುದು ವಿಮರ್ಶೆಯಲ್ಲಿ ರೂಢಿಯಾಗಿದೆ. ಅವನನ್ನು ನೋಡುವವನ ಪಾತ್ರವನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕೆಂಬುದಕ್ಕೆ ಈ ಚಿತ್ರವು ಉತ್ತಮ ನಿದರ್ಶನವಾಗಿದೆ.